ರೀಲಿಲ್ಲದ ಗಾಳ, ತಾಯಿಯ ಸೀರೆ

ಅತ್ತೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಆ ಹೆಸರನ್ನು ಬಾಯಿಗೆ ಬಂದಂತೆ ಆಡಿಕೊಂಡ ನಮ್ಮ ಬೀದಿಯವರು ಈಗ ಅದರ ಹಿಂದೆ ‘ಪುಣ್ಯವಂತೆ’ ಎಂದು ಸೇರಿಸಿ ಹೇಳುತ್ತಿದ್ದಾರೆ. ಸತ್ತವರಿಗೆಲ್ಲ ಪುಕ್ಕಟೆ ಸಿಗುವ ಬಿರುದು ಅದು. ಆ ಗುಂಪಿಗೆ ಸೇರಲು ನನಗೆ ಇಷ್ಟವಿಲ್ಲ. ಬರೆದದ್ದನ್ನು ಅವರು ಓದಿಯಾರು ಎಂಬ ಹೆದರಿಕೆಯೇನೂ ಇಲ್ಲ. ನಮ್ಮ ಬೀದಿಯಲ್ಲಿ ಕನ್ನಡ ಆಡದ ಮನೆಯಿಲ್ಲ, ಕನ್ನಡ ಓದಬಲ್ಲ ಮನೆಯೂ ಇಲ್ಲ. ನಾನೇ ಕನ್ನಡ ಅಕ್ಷರ ಕಲಿತದ್ದು ಮೂವತ್ತೈದು ದಾಟಿದ ಮೇಲೆ, ಶರವಣಂಪಟ್ಟಿಯ ಕಾಲೇಜಿನಲ್ಲಿ ಪಾಠ ಮುಗಿಸಿ ಬಸ್ಸಿನಲ್ಲಿ ಕೂತು ಫೋನಿನ ಮೇಲೆ ತಿದ್ದಿ ತಿದ್ದಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮೂರು ಭವಾನಿ ಹೊಳೆಯ ದಂಡೆಯಲ್ಲಿದೆ, ಮೇಟ್ಟುಪಾಳ್ಯದಿಂದ ಬಸ್ಸಿನಲ್ಲಿ ಅರ್ಧ ಗಂಟೆ. ನಾವು ರೇಷ್ಮೆ ನೇಯುವ ಜನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅತ್ತೆ ನಮ್ಮ ಪಕ್ಕದ ಮನೆಯವರು. ರಕ್ತಸಂಬಂಧವಿಲ್ಲ, ಗೋಡೆಸಂಬಂಧ. ಅವರ ಮಗ್ಗದ ಸದ್ದು ನಿಂತರೆ ನಮ್ಮಮ್ಮ ಊಟದ ಹೊತ್ತಾಯಿತು ಎಂದು ತಟ್ಟೆ ಹಾಕುತ್ತಿದ್ದಳು. ಅತ್ತೆ ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಏನು ಕೇಳಿದರೂ ಥಟ್ಟನೆ ಉತ್ತರ ಕೊಡುತ್ತಿರಲಿಲ್ಲ. ಮೊದಲು ಬಲಗೈಯ ಹೆಬ್ಬೆರಳೂ ತೋರುಬೆರಳೂ ಎಳೆ ಹೊಸೆಯುವ ಹಾಗೆ ಒಂದನ್ನೊಂದು ಉಜ್ಜುತ್ತಿದ್ದವು. ಉಜ್ಜುವುದು ನಿಂತಿತೆಂದರೆ ಎದುರಿಗಿದ್ದವರು ಹುಷಾರಾಗಬೇಕು, ಉತ್ತರ ಸಿದ್ಧವಾಯಿತೆಂದು ಅರ್ಥ.

ಮಾವ ತೀರಿಕೊಂಡಾಗ ಅತ್ತೆಗೆ ಐವತ್ತು ತುಂಬಿರಲಿಲ್ಲ. ಮಕ್ಕಳಿಲ್ಲ. ಗಂಡ ಸತ್ತ ಹೆಂಗಸು ಒಂದು ವರ್ಷ ಮಗ್ಗಕ್ಕೆ ಇಳಿಯಬಾರದು, ಶುಭದ ಮನೆಗೆ ಹೋಗಬಾರದು, ಮೂಲೆ ಹಿಡಿದು ಕೂತಿರಬೇಕು ಎಂದು ಬೀದಿಯ ಎಜಮಾನರು ಹೇಳಿ ಹೋದರು. ಎಜಮಾನರೆಂದರೆ ಕುಲದೇವತೆಯಾದ ತಾಯಿಯ ಗುಡಿಯನ್ನೂ ನಮ್ಮ ಮದುವೆ ಸಾವುಗಳನ್ನೂ ನೋಡಿಕೊಳ್ಳುವ ಮೂವರು ಹಿರಿಯರು. ಅವರಲ್ಲಿ ದೊಡ್ಡವರು ಮಾತಾಡುತ್ತಾರೆ, ಉಳಿದಿಬ್ಬರು ತಲೆಯಾಡಿಸುತ್ತಾರೆ. ಅತ್ತೆ ಇಪ್ಪತ್ತು ದಿನ ಮೂಲೆಯಲ್ಲಿ ಕೂತರು. ಇಪ್ಪತ್ತೊಂದನೆಯ ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದು ಹೊಳೆಗೆ ಇಳಿದು ಅಲ್ಲೊಂದು ಬಂಡೆಯ ಮೇಲೆ ಕೂತರು. ನಮ್ಮಮ್ಮ ಗಾಬರಿಯಾಗಿ ಓಡಿದಳು.

“ಏನಕ್ಕ ಇದು? ನೋಡ್ದೋರು ಏನಂತಾರೆ?”

“ಮೂಲೇಲಿ ಕೂತ್ಕೋ ಅಂದ್ರಲ್ಲ. ಇದೂ ಊರ ಮೂಲೆ ತಾನೆ?” ಎಂದರು ಅತ್ತೆ.

ವರ್ಷವಿಡೀ ಅಲ್ಲೇ ಕೂತರು. ಆಚೆ ದಂಡೆಯಲ್ಲಿ ಬಿದಿರು ಕೋಲು ಹಿಡಿದು ಮೀನು ಹಿಡಿಯುವ ಮುದುಕನೊಬ್ಬನಿದ್ದ. ಅವನನ್ನೇ ನೋಡುತ್ತ ಕೂತರು. ಅವನು ಎಲ್ಲಿ ಗಾಳ ಇಳಿಸುತ್ತಾನೆ, ಬೆಂಡು ಎಷ್ಟು ಮುಳುಗಿದರೆ ಎತ್ತುತ್ತಾನೆ, ಮೇಲಿನ ಅಣೆಯಲ್ಲಿ ನೀರು ಬಿಟ್ಟ ದಿನ ಯಾವಾಗ ಎದ್ದು ಓಡುತ್ತಾನೆ, ಎಲ್ಲ ನೋಡಿ ಕಲಿತರು. ಸೂತಕದ ವರ್ಷ ಮುಗಿದು ಮಗ್ಗಕ್ಕೆ ಇಳಿದ ಮೇಲೆ, ನೇಯ್ದ ಮೊದಲ ಸೀರೆ ಕೊಟ್ಟುಬರಲು ಕೊಯಮತ್ತೂರಿಗೆ ಹೋದಾಗ ಉಕ್ಕಡ ಪೇಟೆಯ ಗಾಳದ ಅಂಗಡಿಯೊಂದರ ಮುಂದೆ ನಿಂತುಬಿಟ್ಟರು. ಆಗ ನಾನು ಅಲ್ಲೇ ಕಾಲೇಜು ಓದುತ್ತಿದ್ದೆ, ಜೊತೆಗಿದ್ದೆ.

ಅಂಗಡಿಯವನು ಮಗನಿಗೇ ಇರಬೇಕು ಎಂದುಕೊಂಡು ರೀಲ್ ಇರುವ ಕೋಲೊಂದನ್ನು ಮುಂದಿಟ್ಟು, ಹಿಡಿ ತಿರುಗಿಸಿ ಕಿರ್ರೆನಿಸಿ ತೋರಿಸಿದ. ಅತ್ತೆಯ ಬೆರಳು ಉಜ್ಜಿ ನಿಂತವು. “ಆರು ವಯಸ್ಸಿಂದ ರಾಟೆ ಸುತ್ತಿದ್ದೀನಿ, ಲಾಳಿಯ ಕಂಡಿಕೆ ಸುತ್ತಿದ್ದೀನಿ. ಮೀನು ಹಿಡಿಯೋಕೆ ಬಂದೂ ಸುತ್ಬೇಕಾ?” ಎಂದು ತಮಿಳಿನಲ್ಲಿ ಕೇಳಿದರು. ಅವನು ನಕ್ಕು, ಮೂಲೆಯಲ್ಲಿ ಬಿದ್ದಿದ್ದ ಇನ್ನೊಂದನ್ನು ತಂದ. ನೋಡಲು ಮೊಳದುದ್ದದ ಕೊಳವೆ, ಅಷ್ಟೆ. ತುದಿ ಹಿಡಿದು ಎಳೆದರೆ ಒಂದರೊಳಗಿಂದ ಒಂದು ಹೊರಬರುತ್ತ ಬರುತ್ತ ಅಂಗಡಿ ದಾಟಿ ಫುಟ್‌ಪಾತಿಗೆ ಬಂತು. ಬುಡ ಹೆಬ್ಬೆರಳಿಗಿಂತ ದಪ್ಪ, ತುದಿ ಊದುಬತ್ತಿಯ ಕಡ್ಡಿಯಷ್ಟು. ರೀಲಿಲ್ಲ, ದಾರ ತೂರಿಸುವ ಬಳೆಗಳಿಲ್ಲ. ತುದಿಯಲ್ಲಿ ಬೆರಳುದ್ದದ ನೂಲಿನ ಬಾಲವೊಂದಿದೆ, ಅದಕ್ಕೆ ಕೋಲಿನಷ್ಟೇ ಉದ್ದದ ದಾರ ಕಟ್ಟಬೇಕು. ದಾರ ಮುಗಿದಲ್ಲಿ ಗಾಳ. ಅತ್ತೆ ಅದನ್ನೇ ತೆಗೆದುಕೊಂಡರು. ಮರಳುವಾಗ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ನಗುತ್ತಿದ್ದರು. ಮಾವ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೊದಲ ದಿನವೇ ಎಡವಟ್ಟಾಯಿತು. ಮಗ್ಗದಲ್ಲಿ ಹಳೆಯ ಹಾಸು ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಸೇರಿಸಬೇಕು. ಗಂಟು ಹಾಕಿದರೆ ನೇಯುವಾಗ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಎರಡು ಎಳೆಯನ್ನೂ ಹೊಸೆದುಬಿಡುತ್ತೇವೆ. ಒಂದು ಹಾಸಿನಲ್ಲಿ ಸಾವಿರಾರು ಎಳೆ. ಅತ್ತೆ ಹೊಸೆದ ಎಳೆ ಬಿಟ್ಟುಕೊಂಡಿತು ಎಂಬ ಮಾತು ನಮ್ಮ ಬೀದಿಯಲ್ಲಿ ಯಾರೂ ಕೇಳಿಲ್ಲ. ಆ ಧೈರ್ಯದ ಮೇಲೆ ಅವರು ಕೋಲಿನ ಬಾಲಕ್ಕೆ ನೈಲಾನ್ ದಾರವನ್ನು ಬೂದಿ ಮುಟ್ಟಿಸಿ ಹೊಸೆದುಕೊಂಡು ಹೋಗಿದ್ದರು. ನೇಕಾರರಲ್ಲದ ಯಾರೂ ಆ ತಪ್ಪು ಮಾಡುತ್ತಿರಲಿಲ್ಲ. ಮೀನು ಕಚ್ಚಿತು, ಅತ್ತೆ ಎತ್ತಿದರು, ಕೋಲು ಮಾತ್ರ ಮೇಲೆ ಬಂತು. ದಾರ, ಗಾಳ, ಮೀನು ಮೂರೂ ಹೊಳೆಯ ಪಾಲಾದವು. ಆಚೆ ದಂಡೆಯ ಮುದುಕ ಬಿದ್ದು ಬಿದ್ದು ನಕ್ಕ.

ಅತ್ತೆ ತಮ್ಮ ಬೂದಿಯ ಬೆರಳು ನೋಡಿಕೊಂಡು, “ಈ ನೈಲಾನ್‌ಗೆ ಮಾನ ಇಲ್ಲ ಅಮ್ಮಿಣಿ. ಹೊಸೆದ್ರೂ ಹಿಡ್ಕೊಳ್ಳೋದಿಲ್ಲ,” ಎಂದರು ನನಗೆ.

ಬೇರೆಯವರಾಗಿದ್ದರೆ ನೈಲಾನಿಗೆ ಹಾಕುವ ಗಂಟು ಕಲಿಯುತ್ತಿದ್ದರು. ಅತ್ತೆ ನೈಲಾನನ್ನೇ ಬಿಟ್ಟರು. ಮಗ್ಗದ ಕೆಳಗೆ ಬಿದ್ದ ತುಂಡು ರೇಷ್ಮೆಯನ್ನು ಆಯ್ದು, ಎಂಟೆಂಟು ಎಳೆ ಸೇರಿಸಿ ಹುರಿ ಮಾಡಿ, ಅದನ್ನೇ ಕೋಲಿಗೆ ಕಟ್ಟಿದರು. ಒಂದು ಸಲ ಅರಗಿನ ಕೆಂಪು, ಒಂದು ಸಲ ಗಿಳಿಹಸಿರು, ಆ ತಿಂಗಳು ನೇಯುತ್ತಿದ್ದ ಸೀರೆ ಯಾವ ಬಣ್ಣವೋ ಆ ಬಣ್ಣ. ಬಣ್ಣ ಕಂಡು ಮೀನು ಬರುವುದಿಲ್ಲ ಎಂದರು ನೋಡಿದವರೆಲ್ಲ. ಮೀನು ಬಂದವು.

ರೀಲಿಲ್ಲದ ಕೋಲಿನಲ್ಲಿ ಮೀನು ಹಿಡಿಯುವುದೆಂದರೆ ಏನೆಂದು ನನಗೆ ಅವರಿಂದ ಗೊತ್ತಾಯಿತು. ರೀಲಿದ್ದರೆ ಮೀನು ಓಡಿದಾಗ ದಾರ ಬಿಡಬಹುದು, ದಣಿದಾಗ ಸುತ್ತಬಹುದು. ಇಲ್ಲಿ ಬಿಡಲು ದಾರವಿಲ್ಲ. ಮೀನು ಎಡಕ್ಕೆ ಎಳೆದರೆ ನಾವೂ ಎಡಕ್ಕೆ ನಡೆಯಬೇಕು, ಕೋಲು ಬಾಗುವಷ್ಟು ಬಾಗಲು ಬಿಡಬೇಕು, ಹಟ ಮಾಡಿದರೆ ದಾರ ಹರಿಯುತ್ತದೆ, ಸಡಿಲ ಬಿಟ್ಟರೆ ಗಾಳ ಕಳಚುತ್ತದೆ. ಸೊಂಟದವರೆಗೆ ನೀರಿನಲ್ಲಿ ಇಳಿದು, ಸೀರೆ ಕಚ್ಚೆ ಕಟ್ಟಿ, ಕೋಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ದೊಡ್ಡ ಕೆಂಡೆ ಮೀನಿನ ಜೊತೆ ಅರ್ಧ ಗಂಟೆ ಅತ್ತಿತ್ತ ನಡೆದಾಡಿದ ಅತ್ತೆಯನ್ನು ನಾನು ನೋಡಿದ್ದೇನೆ. ಕೊನೆಗೆ ಮೀನೇ ಗೆದ್ದು ಹೋಯಿತು. ಅತ್ತೆ ದಡಕ್ಕೆ ಬಂದು ಏದುಸಿರು ಬಿಡುತ್ತ, “ಹೋಗ್ಲಿ ಬಿಡು. ಅದೂ ಸುಮ್ನೆ ಬಿಟ್ಕೊಡೋ ಜಾತಿ ಅಲ್ಲ,” ಎಂದರು. ಸೋತ ಮುಖವಲ್ಲ ಅದು. ಸರಿಸಮನಾದವರು ಸಿಕ್ಕ ಸಂತೋಷ ಇತ್ತು ಅದರಲ್ಲಿ.

ಭಾನುವಾರ ಕೊಯಮತ್ತೂರಿನಿಂದ ಕಾರಿನಲ್ಲಿ ಬರುವವರಿದ್ದರು. ಟೋಪಿ, ಕಪ್ಪು ಕನ್ನಡಕ, ಹೊಳೆಯುವ ರೀಲುಗಳು. ಒಬ್ಬ ಅತ್ತೆಯ ರೇಷ್ಮೆ ದಾರ ನೋಡಿ ಗೆಳೆಯನಿಗೆ ತೋರಿಸಿ ನಕ್ಕಿದ್ದ. ಅದೇ ಮನುಷ್ಯ ಗಾಳ ಬೀಸುವಾಗ ಅವನ ರೀಲಿನೊಳಗೆ ದಾರವೆಲ್ಲ ಸಿಕ್ಕಾಗಿ ಕಾಗೆ ಗೂಡಿನಂತಾಯಿತು. ಕತ್ತರಿ ಹುಡುಕುತ್ತಿದ್ದ. ಅತ್ತೆ ಎದ್ದು ಹೋಗಿ, ಕೈಯಿಂದ ರೀಲು ಕಿತ್ತುಕೊಂಡು ಬಂಡೆಯ ಮೇಲೆ ಕೂತರು. ಸಿಕ್ಕು ಬಿಡಿಸುವುದು ನಮಗೆ ಹಾಲು ಕುಡಿದಷ್ಟೇ ಹಳೆಯ ವಿದ್ಯೆ. ಒಂದು ಗಂಟೆ ಹಿಡಿಯಿತು, ಒಂದು ಎಳೆಯೂ ಹರಿಯಲಿಲ್ಲ. ಅವನು ಮುಜುಗರದಿಂದ ಕೈಮುಗಿದು, ಇನ್ನೊಂದು ರೀಲಿದೆ, ನೀವೇ ಇಟ್ಟುಕೊಳ್ಳಿ ಅಮ್ಮಾ ಎಂದ. “ಬೇಡಪ್ಪ. ನನ್ನ ಕೈಗೆ ಎಟುಕೋವಷ್ಟು ಉದ್ದ ನನಗೆ ಸಾಕು,” ಎಂದು ಹೇಳಿ ತಮ್ಮ ಜಾಗಕ್ಕೆ ಬಂದರು.

ಇಷ್ಟಾಗಿದ್ದರೆ ಬೀದಿ ಸಹಿಸಿಕೊಳ್ಳುತ್ತಿತ್ತೋ ಏನೋ. ಅತ್ತೆ ಹಿಡಿದದ್ದನ್ನು ಅಡುಗೆ ಮಾಡಿ ತಿನ್ನುತ್ತಿದ್ದರು. ಅದೂ ಬೀದಿ ಬಾಗಿಲು ತೆರೆದಿಟ್ಟುಕೊಂಡು. ಹುಣಸೆಹುಳಿ, ಸಣ್ಣ ಈರುಳ್ಳಿ, ಮಣ್ಣಿನ ಚಟ್ಟಿ, ಜಿಲೇಬಿ ಮೀನು. ಘಮ ಗುಡಿಯವರೆಗೆ ಹೋಗುತ್ತಿತ್ತು. ನಾವು ಹೇಳಿಕೊಳ್ಳಲು ಜನಿವಾರದ ಜನ, ಮಡಿಯ ಜನ. ಆದರೆ ಭಾನುವಾರ ಕಪ್ಪು ಪ್ಲಾಸ್ಟಿಕ್ ಕವರು ಯಾವ ಯಾವ ಸ್ಕೂಟರಿನ ಹುಕ್ಕಿಗೆ ತೂಗಿಕೊಂಡು ಬರುತ್ತದೆ ಎಂದು ಬೀದಿಗೇ ಗೊತ್ತು. ನಮ್ಮಪ್ಪನ ಸ್ಕೂಟರಿಗೂ ಬರುತ್ತಿತ್ತು. ಅತ್ತೆಯ ಮನೆಯಲ್ಲಿ ಚಟ್ಟಿ ಒಲೆಯೇರಿದ ತಕ್ಷಣ ನಮ್ಮಮ್ಮ ಬೀದಿ ಕಡೆಯ ಕಿಟಕಿಯನ್ನು ಎಲ್ಲರಿಗೂ ಕೇಳುವಂತೆ ಧಡಾರೆಂದು ಮುಚ್ಚುತ್ತಿದ್ದಳು. ಹತ್ತು ನಿಮಿಷಕ್ಕೆ ಹಿತ್ತಿಲ ಗೋಡೆಯ ಮೇಲೆ ಒಂದು ತೂಕು ಕ್ಯಾರಿಯರ್, ಹಿಡಿಯಿರುವ ಊಟದ ಡಬ್ಬಿ, ಈಚೆ ಬರುತ್ತಿತ್ತು, ಸಾರು ತುಂಬಿಕೊಂಡು. ಅಂಥ ಮನೆಯಲ್ಲಿ ಬೆಳೆದವಳು ನಾನು. ಹಾಗಾಗಿ ಬೀದಿಯವರನ್ನು ಬೈಯುವಾಗ ನನ್ನನ್ನೂ ಸೇರಿಸಿಯೇ ಬೈಯುತ್ತೇನೆ.

ಇನ್ನು ಸೀರೆಯ ವಿಷಯ. ವರ್ಷಕ್ಕೊಮ್ಮೆ ನಮ್ಮ ಬೀದಿಯಿಂದ ತಾಯಿಗೆ ಒಂದು ಸೀರೆ ಹೋಗುತ್ತದೆ. ಮಗ್ಗವಿರುವ ಮನೆಗಳು ಸರದಿಯ ಮೇಲೆ ನೇಯಬೇಕು, ರೇಷ್ಮೆ ಮಾತ್ರ ಎಲ್ಲ ಮನೆಗಳಿಂದ ಒಂದೊಂದು ಹಿಡಿ ಬರಬೇಕು. ಒಂದು ಮನೆಗೆ ಸರದಿ ತಿರುಗಿ ಬರಲು ಮೂವತ್ತು ವರ್ಷವಾದರೂ ಬೇಕು. ಮದುವೆಯಾಗಿ ಬಂದಂದಿನಿಂದ ಅತ್ತೆ ಆ ಸರದಿಗಾಗಿ ಕಾದಿದ್ದರು. “ಬೇರೆ ಯಾವ ಆಸೇನೂ ಇಲ್ಲ ಅಮ್ಮಿಣಿ. ನನ್ನ ಕೈಯ ಸೀರೆನ ತಾಯಿ ಮೈಮೇಲೆ ಒಂದೇ ಒಂದ್ ಸಲ ನೋಡ್ಬಿಡ್ಬೇಕು,” ಎಂದು ನನಗೆ ಎಷ್ಟು ಸಲ ಹೇಳಿದ್ದರೋ. ಆ ಸರದಿ ಬಂತು. ಎಜಮಾನರೂ ಬಂದರು. ಮೂವರೂ ಜಗಲಿಯ ಮೇಲೆ ಕೂತರು, ನೀರು ಕೊಟ್ಟರೆ ಮುಟ್ಟಲಿಲ್ಲ.

“ಮೀನು ಹಿಡಿಯೋ ಕೈ ತಾಯಿ ಸೀರೆಗೆ ಆಗೋದಿಲ್ಲಮ್ಮ. ರೇಷ್ಮೆಗೆ ನಾತ ಹತ್ಕೊಳ್ತದೆ,” ಎಂದರು ದೊಡ್ಡವರು. ಉಳಿದಿಬ್ಬರು ತಲೆಯಾಡಿಸಿದರು. “ಆ ಕೋಲು ಮುರಿದು ಹೊಳೆಗೆ ಹಾಕು. ಒಂದು ಸ್ನಾನ, ಒಂದು ಶುದ್ಧಿ. ಸೀರೆ ನಿಂದೇ. ಇಲ್ಲಾಂದ್ರೆ ಸರದಿ ಮುಂದಿನ ಮನೆಗೆ.”

ನಾನು ಗೋಡೆಯ ಈಚೆ ನಿಂತು ಕೇಳುತ್ತಿದ್ದೆ. ಅತ್ತೆಯ ಬೆರಳು ಎಷ್ಟು ಹೊತ್ತು ಉಜ್ಜಿದವೋ ಕಾಣಲಿಲ್ಲ. ಬಹಳ ಹೊತ್ತೇ ಇರಬೇಕು. “ಮೀನು ತಿನ್ನೋ ಬಾಯಲ್ಲಿ ತಾಯಿ ಹೆಸರು ಹೇಳ್ಬೋದುಂಗಳಾ?” ಎಂದು, ನಮ್ಮ ಕಡೆ ಹಿರಿಯರೊಡನೆ ಮಾತಿನ ಕೊನೆಗೆ ಹಚ್ಚುವ ಮರ್ಯಾದೆಯ ‘ಉಂಗ’ ಬಿಡದೆ, ಮೆತ್ತಗೆ ಕೇಳಿದರು. ಜಗಲಿಯಲ್ಲಿ ಯಾರೋ ಕೆಮ್ಮಿದರು. “ಸರದಿ ನನ್ನ ಮನೇದು. ಕೋಲೂ ನನ್ನದೇ. ಎರಡೂ ಬಿಡೋದಿಲ್ಲ. ಹೋಗ್ಬನ್ನಿಂಗ.”

ಯಾವ ಮನೆಯಿಂದಲೂ ರೇಷ್ಮೆ ಬರಲಿಲ್ಲ. ಬರಬಾರದೆಂದು ಎಜಮಾನರು ಹೇಳಿ ಕಳಿಸಿದ್ದರು. ಆ ವಾರ ನಮ್ಮಮ್ಮ ತೂಕು ಕ್ಯಾರಿಯರನ್ನು ತೊಳೆದು, ಒರೆಸಿ, ಅದರೊಳಗೆ ಒಂದು ಹಿಡಿ ರೇಷ್ಮೆ ಇಟ್ಟು ಗೋಡೆಯ ಮೇಲಿಂದ ವಾಪಸು ಕೊಟ್ಟಳು. ಅಮ್ಮ ಬಾಳಿನಲ್ಲಿ ಮಾಡಿದ ದೊಡ್ಡ ಧೈರ್ಯ ಅದು. ಉಳಿದ ರೇಷ್ಮೆಯೆಲ್ಲ ಅತ್ತೆಯದೇ. ಬೆಳಗಿನ ಜಾವ ತಲೆಗೆ ನೀರು ಹಾಕಿಕೊಂಡು ಮಗ್ಗಕ್ಕಿಳಿದು ಮಧ್ಯಾಹ್ನದವರೆಗೆ ಉಪವಾಸ ನೇಯುತ್ತಿದ್ದರು. ಊಟ ಮಾಡಿ, ಸಂಜೆ ಕೋಲು ಹಿಡಿದು ಹೊಳೆಗೆ. ಒಂದು ದಿನವೂ ಎರಡರಲ್ಲಿ ಒಂದನ್ನು ತಪ್ಪಿಸಲಿಲ್ಲ. ಅರಗಿನ ಬಣ್ಣದ ಒಡಲು, ಗಿಳಿಹಸಿರಿನ ಅಂಚು, ಸೆರಗಿನ ತುಂಬ ಸಣ್ಣ ಸಣ್ಣ ರುದ್ರಾಕ್ಷಿ. ಅಂಚಿನಲ್ಲಿ ಬೇಕೆಂದೇ ಮೀನು ನೇಯ್ದಿದ್ದರು ಎಂದು ಈಗಲೂ ಹೇಳುವವರಿದ್ದಾರೆ. ಸುಳ್ಳು. ತಾಯಿಯ ಸೀರೆಯನ್ನು ಜಗಳಕ್ಕೆ ಬಳಸುವಷ್ಟು ಸಣ್ಣವರಲ್ಲ ಅವರು.

ತಾಯಿಗೆ ಸೀರೆ ಉಡಿಸುವ ದಿನ ಹಿತ್ತಾಳೆ ತಟ್ಟೆಯಲ್ಲಿ ಸೀರೆ ಇಟ್ಟುಕೊಂಡು ಅತ್ತೆ ಗುಡಿಗೆ ಬಂದರು. ತಾಯಿಗೆ ಆಗಲೇ ಬೇರೊಂದು ಸೀರೆ ಉಡಿಸಿಯಾಗಿತ್ತು, ಅಂಗಡಿಯಿಂದ ತಂದ ಪವರ್‌ಲೂಮ್ ಸೀರೆ. ರೇಷ್ಮೆ ನೇಯುವವರ ಬೀದಿಯ ತಾಯಿಗೆ ಪವರ್‌ಲೂಮ್. ಪೂಜಾರಿ ತಟ್ಟೆಯ ಕಡೆ ನೋಡಲೂ ಇಲ್ಲ. ಅತ್ತೆ ಮಂಗಳಾರತಿ ಮುಗಿಯುವವರೆಗೆ ತಟ್ಟೆ ಹಿಡಿದು ನಿಂತಿದ್ದು, ವಿಭೂತಿ ಹಚ್ಚಿಕೊಂಡು ಮನೆಗೆ ಹೋದರು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಅತ್ತದ್ದು ನಾನು.

ಮರುದಿನ ಬೆಳಿಗ್ಗೆ ಬೀದಿಯವರೆಲ್ಲ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ನಿಂತ ಹೊತ್ತು. ಅತ್ತೆ ಬಾಗಿಲು ತೆಗೆದು ಹೊರಬಂದರು. ಮೈಮೇಲೆ ಆ ಸೀರೆ. ಕೈಯಲ್ಲಿ ಆ ಕೋಲು. ಹಿತ್ತಿಲ ದಾರಿ ಹಿಡಿಯಲಿಲ್ಲ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಗುಡಿಯ ಮುಂದೆ, ಎಜಮಾನರ ಮನೆಯ ಮುಂದೆ ನಡೆದು ಹೊಳೆಗೆ ಹೋದರು. ನಮ್ಮ ಮನೆಯ ಮುಂದೆ ಬಂದಾಗ ನಿಂತು, “ಬರ್ತೀಯಾ ಅಮ್ಮಿಣಿ?” ಎಂದು ಕೇಳಿದರು.

ಆಗ ನನಗೆ ಮೂವತ್ತು ವರ್ಷ, ಕಾಲೇಜಿನಲ್ಲಿ ಪಾಠ ಮಾಡುವವಳು, ನನ್ನ ಸಂಬಳ ನನ್ನದು. ನಾನು ಬಾಗಿಲ ಹಿಂದೆ ನಿಂತಿದ್ದೆ. ಹೊಸ್ತಿಲು ದಾಟಲಿಲ್ಲ. ಅವರು ಒಂದು ಕ್ಷಣ ಕಾದು ಹೋದರು. ಆಮೇಲೆ ಎಂದೂ ಆ ಮಾತೆತ್ತಲಿಲ್ಲ, ನನ್ನ ಮೇಲೆ ಕೋಪಿಸಿಕೊಳ್ಳಲೂ ಇಲ್ಲ. ಕೋಪಿಸಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಆ ಬಾಗಿಲು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಕಳೆದ ವರ್ಷ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋದರು. ಮೂರನೆಯ ದಿನ ಸೀರೆಯನ್ನು ನನ್ನ ಕೈಗೆ ಕೊಟ್ಟು, “ನೀನು ಇಟ್ಕೋ,” ಎಂದರು.

ಈಗ ಗುಡಿಯನ್ನು ಕೆಡವಿ ಹೊಸದಾಗಿ ಕಟ್ಟಿದ್ದಾರೆ. ಕುಂಭಾಭಿಷೇಕ ಹತ್ತಿರ ಬಂದಿದೆ. ಆ ದಿನ ತಾಯಿಗೆ ಬೀದಿಯ ಕೈಮಗ್ಗದ ಸೀರೆಯೇ ಆಗಬೇಕಂತೆ. ಬೀದಿಯಲ್ಲಿ ಕೈಮಗ್ಗ ಒಂದೂ ಉಳಿದಿಲ್ಲ, ಎಲ್ಲರ ಮನೆಯಲ್ಲೂ ಮೋಟಾರು. ಮೊನ್ನೆ ಭಾನುವಾರ ಎಜಮಾನರು ನಮ್ಮ ಮನೆಗೆ ಬಂದರು. ಮೂವರಲ್ಲಿ ಒಬ್ಬರು ತೀರಿಹೋಗಿದ್ದಾರೆ. ದೊಡ್ಡವರಿಗೆ ಎಂಬತ್ತು ದಾಟಿದೆ.

“ಆ ಪುಣ್ಯವಂತೆ ನೇಯ್ದ ಸೀರೆ ನಿನ್ನ ಹತ್ರ ಇದೆಯಂತಲ್ಲಮ್ಮ. ಅವಳು ಒಂದ್ ಸಲ ಉಟ್ಟಿದ್ರೂ ಪರವಾಗಿಲ್ಲ, ಬೇರೆ ದಾರಿ ಇಲ್ಲ. ಕೊಟ್ರೆ ತಾಯಿಗೆ ಉಡಿಸ್ತೀವಿ. ಅವಳ ಆಸೇನೂ ತೀರ್ತದೆ.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ. ಒಳಗೆ ಹೋಗಿ ಸೀರೆ ತಂದು ಅವರ ಕೈಗೆ ಕೊಟ್ಟೆ. ಅವರೂ ನೇಕಾರರೇ ಅಲ್ಲವೇ. ಮಡಿಲಲ್ಲಿ ಬಿಡಿಸಿಕೊಂಡು ಅಂಚಿನ ಮೇಲೆ ಹೆಬ್ಬೆರಳಾಡಿಸಿ, ಒಂದೂ ಎಳೆ ಜಾರಿಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

“ಅರಿಸಿನ ನೀರಲ್ಲಿ ಅದ್ದಿ, ಶುದ್ಧಿ ಮಾಡ್ಸಿ, ಆಮೇಲೆ ಉಡಿಸೋಣ,” ಎಂದರು.

“ಶುದ್ಧಿ ಯಾತಕ್ಕುಂಗ?”

“ಮೀನಿನ ನಾತ...” ಎನ್ನುತ್ತ ಸೆರಗನ್ನು ಮೂಗಿನ ಹತ್ತಿರ ಹಿಡಿದರು. ಮೂಸಿದರು. ಇನ್ನೊಂದು ಮಡಿಕೆ ಬಿಡಿಸಿ ಮತ್ತೆ ಮೂಸಿದರು. ಮುಖ ಎತ್ತಿ, “ನಾತ ಏನೂ ಇಲ್ಲಮ್ಮ,” ಎಂದರು.

“ಆವತ್ತೂ ಇರ್ಲಿಲ್ಲಂಗ.”

ಸೀರೆಯನ್ನು ಅವರ ಮಡಿಲಿನಿಂದ ಎತ್ತಿಕೊಂಡೆ. ಮಡಿಚುತ್ತ ಹೇಳಿದೆ: “ಅದನ್ನ ಗುಡಿ ಮುಂದೆ ನಿಂತು, ಮೈಕ್‌ನಲ್ಲಿ, ಬೀದಿಗೆಲ್ಲ ಕೇಳೋ ಹಾಗೆ ಹೇಳಿ. ಅವರ ಕೈ ಮೀನು ಹಿಡಿದ ಕೈ, ಆ ಕೈಯಲ್ಲೇ ನೇಯ್ದಿದ್ದು, ತಪ್ಪು ನಮ್ಮದು ಅಂತ ಹೇಳಿ. ಶುದ್ಧಿ ಗಿದ್ಧಿ ಏನೂ ಬೇಡ. ಆಗ ನಾನೇ ತಂದು ಕೊಡ್ತೀನಿ.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಈ ಸಲ ತಲೆಯಾಡಿಸಲು ಇನ್ನೊಬ್ಬರಿಗೂ ಆಗಲಿಲ್ಲ. ಕಾಫಿ ಕುಡಿದು ಎದ್ದು ಹೋದರು. ಕುಂಭಾಭಿಷೇಕಕ್ಕೆ ಇನ್ನು ಒಂಬತ್ತು ದಿನ ಇದೆ. ಸೀರೆ ನನ್ನ ಬೀರುವಿನಲ್ಲಿದೆ.